ಕಡಲಿಗೆ ಬೈದವರು

ಬೋಕಾ ಮಾನ್ಸಾ ಊರಿನಲ್ಲಿ ಒಂದನೇ ಬೀದಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಜನ ಕಡಲಿನ ಕಡೆ ಕೈ ತೋರಿಸುತ್ತಾರೆ. ಎರಡನೇ ಬೀದಿ ಎಲ್ಲಿ ಎಂದರೂ ಅದೇ ಕಡೆಗೇ ಕೈ, ಸ್ವಲ್ಪ ಕೆಳಗಿಳಿಸಿ. ಈಗ ಊರು ಶುರುವಾಗುವುದೇ ಮೂರನೇ ಬೀದಿಯಿಂದ. ದೊಮಿತಿಲಾಳ ಮತದಾರರ ಚೀಟಿಯಲ್ಲಿ ಮಾತ್ರ ಇವತ್ತಿಗೂ ‘ಒಂದನೇ ಬೀದಿ, ಮನೆ ನಂಬರ್ ಏಳು’ ಎಂದೇ ಇದೆ. ಚುನಾವಣೆಯ ದಿನ ಗುಮಾಸ್ತ ಅದನ್ನು ಓದಿ ಹುಬ್ಬೇರಿಸಿದರೆ ಅವಳು, “ಹ್ಞೂ, ಅಲ್ಲೇ. ಈಗ ಅಲ್ಲಿ ಕೆಂಪುಮೀನುಗಳು ಸಂಸಾರ ಮಾಡ್ಕೊಂಡಿವೆ. ಅವೂ ಓಟು ಹಾಕ್ತಾವೇನೋ ಕೇಳ್ನೋಡು,” ಎನ್ನುತ್ತಿದ್ದಳು.

ಹೊರಗೆ ಹೀಗೆ ಚಟಾಕಿ ಹಾರಿಸುವ ದೊಮಿತಿಲಾ ಮನೆಯೊಳಗೆ ಬೇರೆಯೇ ಹೆಂಗಸು. ನಾಲ್ಕು ವರ್ಷದ ಹಿಂದೆ, ಡಿಸೆಂಬರಿನ ಒಂದು ಮಧ್ಯಾಹ್ನ, ಉಬ್ಬುಗಡಲು ಅವಳ ಮನೆಗೆ ನುಗ್ಗಿತ್ತು. ಆಗ ಅವಳು ಒಲೆಯ ಮುಂದೆ ಮೀನು ಕರಿಯುತ್ತಿದ್ದಳು. ಮೊದಲು ಹಿತ್ತಿಲ ಗೋಡೆ ಹೋಯಿತು, ಆಮೇಲೆ ಅವಳ ಅಮ್ಮ ಕಟ್ಟಿದ್ದ ಮಣ್ಣಿನ ಗೂಡೊಲೆ ಹೋಯಿತು, ಆಮೇಲೆ ನೆಲ. ಗಂಡ ಇವಾರಿಸ್ತೊ ರಟ್ಟೆ ಹಿಡಿದು ಎಳೆದುಕೊಂಡು ಬಂದಾಗ ಅವಳ ಕೈಯಲ್ಲಿ ಬಾಣಲೆ ಹಾಗೇ ಇತ್ತು, ಅದರಲ್ಲಿ ಅರ್ಧ ಬೆಂದ ಮೀನೂ ಇತ್ತು.

ಸರ್ಕಾರ ಅವರಿಗೆ ಶಾಲೆಯ ಹಿಂದಿನ ದಿಬ್ಬದಲ್ಲಿ, ಐದನೇ ಬೀದಿಯಲ್ಲಿ, ತಗಡಿನ ಮನೆ ಕಟ್ಟಿಕೊಟ್ಟಿತು. ದೊಮಿತಿಲಾ ಆ ಮನೆಗೆ ಹೋದಳೇ ಹೊರತು ಅಲ್ಲಿ ಬಾಳು ಹೂಡಲಿಲ್ಲ. ಉಳಿದ ಪಾತ್ರೆ ಪಡಗವನ್ನೆಲ್ಲ ಅಕ್ಕಿಯ ಖಾಲಿ ಚೀಲಗಳಲ್ಲಿ ಮೂಟೆ ಕಟ್ಟಿ ಬಾಗಿಲ ಬಳಿ ಒಂದರ ಮೇಲೊಂದು ಇಟ್ಟುಕೊಂಡಳು. ಅನ್ನಕ್ಕಿಡಬೇಕಾದರೆ ಮೂಟೆಯ ಗಂಟು ಬಿಚ್ಚಿ ಪಾತ್ರೆ ತೆಗೆಯುವುದು, ಉಂಡಾದ ಮೇಲೆ ತೊಳೆದು ಒರೆಸಿ ಮತ್ತೆ ಗಂಟು ಕಟ್ಟುವುದು. ನಾಲ್ಕು ವರ್ಷ ಇದೇ.

“ದೋಮಿ, ಚಮಚ ಎಲ್ಲೇ?” ಎಂದು ಇವಾರಿಸ್ತೊ ಕೇಳುವನು.

“ಮೂರನೇ ಮೂಟೆ. ಕಾಫಿ ಸೋಸೋ ಬಟ್ಟೆ ಕೆಳಗೆ.”

“ಅದರ ಮೇಲೆ ಎರಡನೇ ಮೂಟೆ ಇದೆಯಲ್ಲ?”

“ಹಂಗಾದ್ರೆ ಕೈಯಲ್ಲಿ ತಿನ್ನು. ನಿಮ್ಮಜ್ಜನೂ ಕೈಯಲ್ಲೇ ತಿಂದಿದ್ದು.”

ಕಡಲನ್ನಂತೂ ಅವಳು ಆ ದಿನದಿಂದ ನೋಡಿಯೇ ಇರಲಿಲ್ಲ. ಮೂರನೇ ಬೀದಿಯಲ್ಲಿದ್ದ ಗೆಳತಿ ಹೆರ್ಮೀನಿಯಾಳ ಮನೆಗೆ ದಂಡೆಯ ಮೇಲೆ ಹೋದರೆ ಐದು ನಿಮಿಷ. ದೊಮಿತಿಲಾ ಇಗರ್ಜಿಯ ಹಿಂದಿನಿಂದ ಹೊರಟು, ಹಂದಿಗೂಡು ಬಳಸಿ, ಸ್ಮಶಾನ ದಾಟಿ ಅರ್ಧ ಗಂಟೆ ನಡೆದು ಹೋಗುವಳು. ಒಂದು ಕಾಲದಲ್ಲಿ ಅವಳು ಮರಗೆಣಸು, ತೆಂಗಿನಕಾಯಿ, ಗಿಣ್ಣು ಹಾಕಿ ಸುಡುತ್ತಿದ್ದ ಎನ್ಯುಕಾದೊ ಕಡುಬಿಗಾಗಿ ಮೂರೂರಿನ ಜನ ಬರುತ್ತಿದ್ದರು. ಈಗ ಕೇಳಿದರೆ ಒಲೆ ಇಲ್ಲ ಎಂದುಬಿಡುವಳು. ಇವಾರಿಸ್ತೊ ಎರಡು ಸಲ ಹಿತ್ತಿಲಿಗೆ ಜೇಡಿಮಣ್ಣು ತಂದು ಹಾಕಿದ. ಎರಡು ಸಲವೂ ಮಳೆಗೆ ಕರಗಿ ಹೋಯಿತು. ಅವನು ಮಾತಾಡುವ ಗಂಡಸಲ್ಲ. ಮೂರನೇ ಸಲ ತರಲಿಲ್ಲ, ಅಷ್ಟೇ.

ಹೀಗಿರುವಾಗ ದೂರದ ಕಾರ್ತಹೇನಾ ನಗರದಿಂದ ಯೆಸೇನಿಯಾ ಎಂಬ ಹುಡುಗಿ ಬಂದಳು. ಕಡಲು ಕೊರೆಯುತ್ತಿರುವ ಊರುಗಳ ಜನರ ಮನಸ್ಸಿನ ಆರೈಕೆಗೆ ಯಾವುದೋ ಯೋಜನೆಯಂತೆ. ಓದಿದ್ದು ಮನಶ್ಶಾಸ್ತ್ರ, ವಯಸ್ಸು ಇಪ್ಪತ್ತೇಳು, ತೋಳಿನಲ್ಲಿ ದೊಡ್ಡ ಚೀಲ, ಚೀಲದಲ್ಲಿ ಒಂದು ಪುಟ್ಟ ಗಂಟೆ. ಪ್ರತಿ ಗುರುವಾರ ಶಾಲೆಯ ಅಂಗಳದ ಬಾದಾಮಿ ಮರದ ಕೆಳಗೆ ಹೆಂಗಸರು ಸುತ್ತ ಕೂರಬೇಕು ಎಂದು ಡಂಗುರ ಹೊಡೆಸಿದಳು.

“ನಾನಂತೂ ಬರಲ್ಲ. ನನ್ ಮನಸ್ಸಿಗೇನಾಗಿದೆ?” ಅಂದಳು ದೊಮಿತಿಲಾ.

“ಏನೂ ಆಗಿಲ್ಲ ತಾಯಿ,” ಅಂದಳು ಹೆರ್ಮೀನಿಯಾ. ಅವಳು ದೊಮಿತಿಲಾಳ ಮಗಳಿಗೆ ಧರ್ಮತಾಯಿ, ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಮೂವತ್ತು ವರ್ಷದಿಂದ ಜಗಳವಾಡದ ದಿನ ಇಲ್ಲ, ಮಾತು ಬಿಟ್ಟ ದಿನವೂ ಇಲ್ಲ. “ಪಾತ್ರೆನೆಲ್ಲ ಮೂಟೆ ಕಟ್ಕೊಂಡು ಹಂದಿಗೂಡು ಸುತ್ತೋರು ಊರಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ. ಅದ್ರಲ್ಲಿ ನೀನೂ ಒಬ್ಳು. ಹೆದರಿಕೆ ಆದ್ರೆ ಬರ್ಬೇಡ ಬಿಡು.”

ಗುರುವಾರ ದೊಮಿತಿಲಾ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು.

ಹದಿನಾಲ್ಕು ಹೆಂಗಸರು ಸೇರಿದರು. ಅವರ ನಡುವೆ ಕರೆಯದೆ ಬಂದ ಒಬ್ಬ ಗಂಡಸೂ ಇದ್ದ, ಎಂಬತ್ತು ದಾಟಿದ ಇದ್ದಿಲು ಸುಡುವ ಸತುರ್ನೀನೊ. ಅವನಿಗೆ ಆ ಮರದ ನೆರಳು ಅಭ್ಯಾಸ. ಹೆಂಗಸರು ಬಂದರೆಂದು ಎದ್ದು ಹೋಗುವ ಆಸಾಮಿ ಅಲ್ಲ. ಯೆಸೇನಿಯಾ ಗಂಟೆ ಬಾರಿಸಿದಳು. “ಕಣ್ಣು ಮುಚ್ಚಿ. ಉಸಿರನ್ನ ನಿಧಾನವಾಗಿ ಒಳಗೆ ತಗೊಳ್ಳಿ. ಹೊಟ್ಟೆ ಉಬ್ಬಲಿ.”

“ನಂದು ಆಗ್ಲೇ ಉಬ್ಬಿದೆ,” ಅಂದಳು ಹೆರ್ಮೀನಿಯಾ.

ಎಲ್ಲರೂ ಕಿಸಕ್ಕೆಂದರು. ಗಂಟೆಯ ಸದ್ದಿಗೆ ಕಾಳು ಹಾಕುತ್ತಾರೆಂದು ತಿಳಿದು ಶಾಲೆಯ ಕೋಳಿಗಳೆಲ್ಲ ಓಡಿಬಂದವು. ಸತುರ್ನೀನೊ ಗೊರಕೆ ಹೊಡೆಯತೊಡಗಿದ. ಯೆಸೇನಿಯಾ ಅವನನ್ನೇ ತೋರಿಸಿ, “ನೋಡಿ, ತಾತ ಎಷ್ಟು ಚೆನ್ನಾಗಿ ಮಾಡ್ತಿದ್ದಾರೆ,” ಎಂದಳು. ಆ ಮಾತಿನಿಂದ ಹೆಂಗಸರಿಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಮೂರನೇ ಗುರುವಾರ ಅವಳು ಹೇಳಿದಳು, “ಇವತ್ತು ದಂಡೆಗೆ ಹೋಗೋಣ. ಕಡಲಿನ ಮುಂದೆ ನಿಂತು, ಅದಕ್ಕೆ ಏನು ಹೇಳ್ಬೇಕು ಅನ್ಸುತ್ತೋ ಅದನ್ನ ಮನಸ್ಸಲ್ಲೇ ಹೇಳ್ಕೊಳ್ಳಿ.”

ಎಲ್ಲರ ಕಣ್ಣೂ ದೊಮಿತಿಲಾಳ ಕಡೆ ತಿರುಗಿತು. ಅವಳು ಬರುವುದಿಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹೆರ್ಮೀನಿಯಾ ಏನೂ ಚುಚ್ಚದೆ, ನಗದೆ, ಸುಮ್ಮನೆ ಬಂದು ಅವಳ ತೋಳಿಗೆ ತೋಳು ಸಿಕ್ಕಿಸಿದಳು. ಚುಚ್ಚಿದ್ದರೆ ದೊಮಿತಿಲಾ ತಿರುಗಿ ಏನಾದರೂ ಹೇಳಿ ಮನೆ ದಾರಿ ಹಿಡಿಯುತ್ತಿದ್ದಳು. ಸುಮ್ಮನಿದ್ದುದಕ್ಕೆ ಏನು ಮಾಡುವುದೆಂದು ತಿಳಿಯದೆ ನಡೆದಳು.

ಕಡಲು ಆವತ್ತು ಹಾಲಿನಂತೆ ಮಲಗಿತ್ತು. ದೂರದಲ್ಲಿ ಎರಡು ದೋಣಿ. ದೊಮಿತಿಲಾ ಬಹಳ ಹೊತ್ತು ಮರಳನ್ನೇ ನೋಡುತ್ತಾ ನಿಂತಳು. ಆಮೇಲೆ ತಲೆಯೆತ್ತಿದಳು.

“ಮನಸ್ಸಲ್ಲೇ ಬೈದ್ರೆ ಅದಕ್ಕೆ ಕೇಳ್ಸುತ್ತಾ?” ಎಂದು ಯೆಸೇನಿಯಾಳನ್ನು ಕೇಳಿದಳು.

“ಅಂದ್ರೆ... ಬೈಯ್ಯೋದು ಅಂತಲ್ಲ...”

ದೊಮಿತಿಲಾ ಕಾಯಲಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಳು.

“ಏಯ್ ಹೊಟ್ಟೆಬಾಕ! ಇಲ್ನೋಡು! ಈಗ ಏನೂ ಗೊತ್ತಿಲ್ದೋನ ಥರ ಮಲಗಿದ್ಯಾ? ನಮ್ಮಪ್ಪ ನಿನ್ ಮೇಲೆ ದೋಣಿ ಹಾಕ್ದ, ನಮ್ಮಮ್ಮ ನಿನ್ ಮೀನು ಕರಿದು ಒಂಬತ್ತು ಮಕ್ಕಳ ಸಾಕಿದ್ಲು. ನೀನು ಮನೆಯೋನು ಅಂದ್ಕೊಂಡಿದ್ವಲ್ಲೋ! ಮನೆಯೋನಾದ್ರೆ ಬಾಗಿಲಿಂದ ಬರ್ಬೇಕು, ಗೋಡೆ ಒಡ್ಕೊಂಡು ಬರ್ತಾರಾ? ಆ ಒಲೆ ತಗೊಂಡು ಏನ್ ಮಾಡ್ತಿದ್ಯಾ, ಹೇಳು! ಶಾರ್ಕ್ ಮೀನಿಗೆ ಕಡುಬು ಸುಟ್ಕೊಡ್ತಿದ್ಯಾ? ಉಪ್ಪು ನಿನ್ ಹತ್ರ ಇದೆ ಸರಿ, ಗಿಣ್ಣಿಗೆ ಎಲ್ ಹೋಗ್ತಿಯೋ ಮುಠ್ಠಾಳ?”

ಹೆರ್ಮೀನಿಯಾಗೆ ತಡೆಯಲಾಗಲಿಲ್ಲ. ಅವಳೂ ನೀರಿಗೆ ಇಳಿದಳು. “ನನ್ನ ಎರಡು ಹ್ಯಾಟೆ ಕೋಳಿ! ಮೊಟ್ಟೆ ಇಡೋ ಕೋಳಿಗಳು ಕಣೋ, ಅವಕ್ಕೆ ಈಜು ಬರುತ್ತಾ?” ಆಮೇಲೆ ಒಬ್ಬೊಬ್ಬರಾಗಿ ಹದಿನಾಲ್ಕು ಜನವೂ ಇಳಿದರು. ಹೊಲಿಗೆ ಯಂತ್ರಕ್ಕೆ, ಮದುವೆ ಫೋಟೋಗೆ, ಬಾವಿಯ ಸಿಹಿನೀರಿಗೆ, ಹಳೇ ಸ್ಮಶಾನದ ಗೋರಿಯಿಂದ ತೇಲಿಹೋದ ಅಪ್ಪನಿಗೆ, ಎಲ್ಲದಕ್ಕೂ ಕಡಲು ಬೈಸಿಕೊಂಡಿತು. ದೋಣಿಯವರು ಯಾರೋ ಮುಳುಗುತ್ತಿದ್ದಾರೆಂದು ಹುಟ್ಟು ಹಾಕುತ್ತಾ ಧಾವಿಸಿ ಬಂದರು. ಅವರಲ್ಲಿ ಒಬ್ಬ ಇವಾರಿಸ್ತೊ. ಹೆಂಡತಿ ಕಡಲಿನಲ್ಲಿ ನಿಂತಿದ್ದನ್ನು ಕಂಡು ಹುಟ್ಟು ಕೈಜಾರಿ ನೀರಿಗೆ ಬಿತ್ತು.

ಬೈಗುಳ ಮುಗಿಯುತ್ತಾ ಬಂದಾಗ ದೊಮಿತಿಲಾಳ ದನಿ ಇದ್ದಕ್ಕಿದ್ದಂತೆ ಕುಗ್ಗಿತು.

“ಅದಕ್ಕೆ ಬೈದು ಏನ್ ಬಂತು,” ಅಂದಳು. “ತಪ್ಪು ನಂದು. ಒಂದನೇ ಬೀದಿ ಮುಂದೆ ಉಪ್ಪುನೀರಲ್ಲೇ ಬೇರು ಬಿಟ್ಕೊಂಡು ನಿಂತಿದ್ದ ಕಾಂಡ್ಲಾ ಮರ ಕಡಿದೋಳು ನಾನು. ಕಡುಬು ಸುಡೋಕೆ ಆ ಕಟ್ಟಿಗೆನೇ ಚೆನ್ನಾಗಿ ಉರಿಯೋದು ಅಂತ. ಹದಿನೆಂಟು ವರ್ಷ ಕಡಿದೆ. ಮರ ಇದ್ದಿದ್ರೆ ಅಲೆ ತಡೀತಿತ್ತು. ಇಡೀ ಬೀದಿನ ನಾನು ಒಲೆಗೆ ಹಾಕ್ಬಿಟ್ಟೆ. ನಾಲ್ಕು ವರ್ಷದಿಂದ ಯಾರ್ಗೂ ಹೇಳಿಲ್ಲ.”

ಯೆಸೇನಿಯಾ ಅವಳ ಬೆನ್ನ ಮೇಲೆ ಕೈಯಿಡಲು ಮುಂದೆ ಬಂದಳು. ಅವಳಿಗಿಂತ ಮುಂಚೆ ಹೆರ್ಮೀನಿಯಾ ನೀರು ಚಿಮ್ಮಿಸಿಕೊಂಡು ಬಂದಳು.

“ಏನಂದೆ? ಒಂದನೇ ಬೀದಿ ಮುಂದಿಂದಾ? ಹೋಗೇ ಅತ್ಲಾಗೆ. ಅದನ್ನ ಕಡಿದಿದ್ದು ನಾನು!”

“ನೀನಾ?”

“ಮತ್ತೆ? ನಮ್ಮನೆ ಬೇಲಿಗೆ ಗೂಟ ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ಪೆಲಿಕನ್ ಹಕ್ಕಿ ಕೂರ್ತಿತ್ತಲ್ಲ, ದೊಡ್ಡ ಮರ...”

“ಆ ಮರ ನಾನು ಕಡಿದಿದ್ದು!”

“ನಿನ್ ತೋಳು ನೋಡ್ಕೊಳ್ಳೇ! ಆ ಮರಕ್ಕೆ ಎರಡು ದಿನ ಕೊಡಲಿ ಹಾಕಿದ್ದೀನಿ ನಾನು. ನಿಂಗೆ ಹಾಗಲಕಾಯಿ ಹೆಚ್ಚೋಕೆ ಬರಲ್ಲ, ಮರ ಕಡಿದ್ಲಂತೆ!”

“ಕೊಮಾದ್ರೆ, ನನ್ ಪಾಪಕ್ಕೆ ಕೈ ಹಾಕ್ಬೇಡ!”

“ಎಲ್ಲಾನೂ ನೀನೇ ಇಟ್ಕೊಳ್ತೀಯಾ? ಎಂಥಾ ದುರಾಸೆ ನಿಂದು!”

ಹಿಂದಿನಿಂದ ಒಬ್ಬಳು, “ಬುಡ ಕಿತ್ತೋಳು ನಾನು,” ಎಂದಳು. ಇನ್ನೊಬ್ಬಳು ತನ್ನ ಅಣ್ಣತಮ್ಮಂದಿರು ಎರಡು ದೋಣಿ ತುಂಬ ಸಾಗಿಸಿದ್ದನ್ನು ಹೇಳಿದಳು. ಪ್ರತಿಯೊಬ್ಬಳೂ ತಾನೊಬ್ಬಳೇ ಊರು ಮುಳುಗಿಸಿದವಳು ಎಂದು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಕೊನೆಗೆ ದೋಣಿಯಿಂದ ಇವಾರಿಸ್ತೊನ ಮೆತ್ತಗಿನ ದನಿ ಬಂತು.

“ಕೊಡಲಿ ನಂದು. ಎಲ್ರೂ ಕೇಳ್ಕೊಂಡು ಹೋಗ್ತಿದ್ರಿ.”

ಮೊದಲು ನಕ್ಕವಳು ದೊಮಿತಿಲಾ. ನಗು ಎಂದರೆ ಎಂಥ ನಗು, ನೀರಿನಲ್ಲೇ ಕುಕ್ಕರಿಸಿದಳು. ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಾ ಮತ್ತೆ ನಗು. ಎದೆಯಲ್ಲಿ ಕೂತಿದ್ದ ಬಂಡೆಯನ್ನು ಹದಿನಾಲ್ಕು ಜನ ಹದಿನಾಲ್ಕು ಕಡೆಯಿಂದ ಹಿಡಿದು ಎಳೆದಾಡಿ ಪುಡಿಮಾಡಿದಂತೆ ಅವಳಿಗೆ ಅನ್ನಿಸಿತು.

ದಂಡೆಗೆ ಬಂದು ಲಂಗ ಹಿಂಡಿಕೊಳ್ಳುತ್ತಿರುವಾಗ ಯೆಸೇನಿಯಾ ಹೇಳಿದಳು, “ಅಮ್ಮಂದಿರಾ, ಕಡಲು ಏರ್ತಿರೋದು ಇಲ್ಲಿ ಮಾತ್ರ ಅಲ್ಲ. ದೂರದ ದೇಶಗಳ ಕಾರ್ಖಾನೆ ಹೊಗೆ, ಕಾರುಗಳ ಹೊಗೆ. ಭೂಮಿಯೇ ಬಿಸಿ ಆಗಿದೆ. ನಿಮ್ಮ ಒಲೆ ಅದ್ರಲ್ಲಿ ಸಾಸಿವೆ ಕಾಳಷ್ಟೂ ಇಲ್ಲ.”

“ಹಂಗಾದ್ರೆ ಅವರನ್ನೂ ಗುರುವಾರ ಕರೀರಿ,” ಅಂದಳು ಹೆರ್ಮೀನಿಯಾ. “ಬಂದು ಕಣ್ಣು ಮುಚ್ಚಿ ಉಸಿರು ತಗೊಳ್ಳಲಿ. ಬಿಡೋದು ಮಾತ್ರ ಬೇಡ, ಬಿಟ್ರೆ ಮತ್ತೆ ಹೊಗೆ.”

ದಂಡೆಯ ಮೇಲೆ ಮಗುಚಿದ ದೋಣಿಯೊಂದರ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದ ಸತುರ್ನೀನೊ ಆಗ ಗಂಟಲು ಕೆರೆದ.

“ನೀವು ಕಡಿದಿದ್ದು ಹತ್ತು ಹದಿನೆಂಟು ವರ್ಷ. ನಾನು ಐವತ್ತು ವರ್ಷ ಕಡಿದೆ. ಕಡಿದಲ್ಲೆಲ್ಲ ಮತ್ತೆ ಹುಟ್ತಿತ್ತು. ಹುಟ್ಟೋದು ನಿಂತಿದ್ದು ರಸ್ತೆ ಬಂದ್ಮೇಲೆ.”

“ಯಾವ ರಸ್ತೆ ತಾತ? ಬಸ್ಸಿನ ರಸ್ತೆನಾ?”

“ಅದೇ. ಕಡಲಿಂದ ಕಾಂಡ್ಲಾ ಕಾಡಿಗೆ ನೀರು ಹೋಗಿಬರೋ ತೋಡು ಇತ್ತಲ್ಲ? ರಸ್ತೆ ಅದರ ಮೇಲೇ ಹೋಯ್ತು. ಕಲ್ಲು ಹಾಕಿ ಮುಚ್ಚಿದ್ರು. ಆಚೆ ನಿಂತ ನೀರು ಬಿಸಿಲಿಗೆ ಉಪ್ಪಾಯ್ತು, ಮರ ನಿಂತಲ್ಲೇ ಸತ್ವು. ಬೇರು ಹೋದ್ಮೇಲೆ ಮರಳನ್ನ ಯಾರು ಹಿಡ್ಕೋಬೇಕು? ಹೋದ ವರ್ಷ ಬಿಳಿ ಅಂಗಿ ಹಾಕ್ಕೊಂಡು ಬಂದವರು ಐನೂರು ಸಸಿ ನೆಟ್ಟು, ಫೋಟೋ ತೆಗೆಸ್ಕೊಂಡು ಹೋದ್ರಲ್ಲ. ಒಂದಾದ್ರೂ ಉಳೀತಾ? ನೀರು ಉಸಿರಾಡದ ಕಡೆ ಏನ್ ನೆಟ್ರೂ ಅಷ್ಟೇ.”

“ಇಷ್ಟು ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?” ದೊಮಿತಿಲಾ ಸಿಟ್ಟಾದಳು.

ಮುದುಕ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ರಸ್ತೆ ಬೇಕು ಅಂತ ಪಟ್ಟಣದ ಕಚೇರಿ ಮುಂದೆ ಹನ್ನೊಂದು ದಿನ ಕೂತೋನು ನಾನು. ನನ್ನ ಮಗಳು ಇನೋಸೆನ್ಸಿಯಾಗೆ ಹೆರಿಗೆ ಕಷ್ಟ ಆದಾಗ ದೋಣೀಲಿ ಕರ್ಕೊಂಡು ಹೋದೆ. ಗಾಳಿ ಎದುರಿತ್ತು. ತಲುಪ್ಲಿಲ್ಲ. ಇನ್ನೊಬ್ಬಳಿಗೆ ಹಂಗಾಗ್ಬಾರ್ದು ಅಂತ ರಸ್ತೆ ಕೇಳ್ದೆ. ಮೊದಲ ಕಲ್ಲು ತೋಡಿಗೆ ಹಾಕಿದ್ದೂ ನಾನೇ. ಅದನ್ನ ತಪ್ಪು ಅಂತ ಹೆಂಗ್ ಹೇಳ್ಲಿ?”

ಆ ಕಲ್ಲುಗಳನ್ನು ಈ ಹೆಂಗಸರೂ ಹೊತ್ತಿದ್ದರು. ಮೊದಲ ಬಸ್ಸು ಬಂದ ದಿನ ಊರಿಗೆ ಊರೇ ಮೂರು ದಿನ ಕುಣಿದಿತ್ತು. ದೊಮಿತಿಲಾ ಹೋಗಿ ಮುದುಕನ ಪಕ್ಕ, ಅದೇ ದೋಣಿಯ ಮೇಲೆ ಕೂತಳು.

“ರಸ್ತೆ ಇರ್ಲಿ ತಾತ. ರಸ್ತೆ ಬೇಕು. ಅದರ ಕೆಳಗೆ ನೀರಿಗೊಂದು ದಾರಿ ಬಿಟ್ಕೊಟ್ರೆ ಸಾಕಲ್ವಾ?”

“ಸಾಕು. ಆದ್ರೆ ಅರ್ಧ ಮೈಲಿ ತೋಡು ತುಂಬಿ ಹೋಗಿದೆ. ಅದನ್ನ ಯಾರು ತೋಡ್ತಾರೆ?”

“ಬೈಯ್ಯೋಕೆ ಹದಿನಾಲ್ಕು ಜನ ಬಂದಿಲ್ವಾ?” ಅಂದಳು ಹೆರ್ಮೀನಿಯಾ. “ಅವರೇ.”

ಗುರುವಾರದ ಕೂಟ ಶನಿವಾರಕ್ಕೂ ಬೆಳೆಯಿತು. ಗುದ್ದಲಿ, ತಗಡಿನ ಬುಟ್ಟಿ, ಒಡೆದ ಬಕೆಟ್ಟು, ಹಳೇ ದೋಣಿಯ ಹುಟ್ಟು, ಮನೆಯಲ್ಲಿ ಏನಿತ್ತೋ ಅದನ್ನು ಹಿಡಿದು ಬಂದರು. ಸತುರ್ನೀನೊ ಕೋಲೂರಿಕೊಂಡು ಮುಂದೆ ನಡೆದು, ತೋಡು ಎಲ್ಲೆಲ್ಲಿ ಹರಿಯುತ್ತಿತ್ತು ಎಂದು ನೆನಪಿನಿಂದಲೇ ಗೆರೆ ಎಳೆದ. ಕೆಸರು ಕಪ್ಪಗೆ, ಕೊಳೆತ ಮೊಟ್ಟೆಯ ನಾತ. ಮೊದಲ ದಿನವೇ ಹೆರ್ಮೀನಿಯಾಳ ಒಂದು ಚಪ್ಪಲಿ ಒಳಗೆ ಹೋಯಿತು. ಅವಳು ಅದರ ಜೋಡಿಯನ್ನೂ ಅಲ್ಲೇ ಎಸೆದು, “ಒಂದೇ ಇದ್ದು ಅದು ತಾನೇ ಏನ್ ಮಾಡುತ್ತೆ, ಒಟ್ಟಿಗಿರ್ಲಿ,” ಅಂದಳು. ಯೆಸೇನಿಯಾ ಗಂಟೆಯನ್ನು ಚೀಲದಲ್ಲೇ ಬಿಟ್ಟು ಬಕೆಟ್ಟು ಹೊತ್ತಳು. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಅವಳಿಗೆ ಉಸಿರಾಟ ಹೇಳಿಕೊಡುವ ಸರದಿ ಹೆಂಗಸರದಾಯಿತು. “ಕಣ್ಣು ಮುಚ್ಚು ಮಗಳೇ, ಹೊಟ್ಟೆ ಉಬ್ಲಿ, ಈಗ ಎತ್ತು ಬಕೆಟ್ಟು!”

ಎರಡನೇ ಶನಿವಾರ ಗಂಡಸರು ಬಂದರು, ಮೊದಲು ನೋಡುವುದಕ್ಕೆ, ಆಮೇಲೆ ಹೀಗಲ್ಲ ಹಾಗೆ ಎಂದು ಹೇಳುವುದಕ್ಕೆ, ಕೊನೆಗೆ ತೋಡುವುದಕ್ಕೆ. ಐದನೇ ಶನಿವಾರಕ್ಕೆ ನಲವತ್ತು ಜನ. ಏಳನೇ ವಾರ ತೋಡು ಬಂದು ರಸ್ತೆಗೆ ಮೂಗು ತಾಗಿಸಿ ನಿಂತಿತು.

ರಸ್ತೆಯ ಕೆಳಗೆ ದೊಡ್ಡ ಕೊಳವೆ ಹಾಕಿಕೊಡಿ ಎಂದು ಪಟ್ಟಣದ ಕಚೇರಿಗೆ ಬರೆದಿದ್ದ ಅರ್ಜಿಗೆ ಉತ್ತರ ಬಂದಿತ್ತು: ವಿಷಯ ಪರಿಶೀಲನೆಯಲ್ಲಿದೆ. ಇನ್ನೊಂದು ಅರ್ಜಿ ಬರೆದರು. ಹಿಂದಿನ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಇದನ್ನು ಪರಿಶೀಲಿಸಲಾಗದು ಎಂದು ಬಂತು. ಭಾನುವಾರ ಬಸ್ಸು ಇಲ್ಲ. ಆ ದಿನ ತಾವೇ ರಸ್ತೆ ಕಡಿದು, ಮೇಲೆ ತೆಂಗಿನ ದಿಮ್ಮಿಗಳ ಸೇತುವೆ ಹಾಸುವುದೆಂದು ಊರು ತೀರ್ಮಾನಿಸಿತು.

ಸುದ್ದಿ ತಿಳಿದು ಬಸ್ಸಿನ ಡ್ರೈವರ್ ವಿಲ್ಫ್ರೀದೊ ಬಸ್ಸನ್ನು ಅಡ್ಡ ನಿಲ್ಲಿಸಿ ಇಳಿದ. ಹೊಟ್ಟೆಯ ಮೇಲೆ ಗುಂಡಿ ಹಾಕಲಾಗದ ಅಂಗಿ, ಕೊರಳಲ್ಲಿ ಡ್ರೈವರುಗಳನ್ನು ಕಾಯುವ ಕಾರ್ಮೆನ್ ಮಾತೆಯ ಪದಕ.

“ಈ ರಸ್ತೆಗೆ ಒಂದು ಗುದ್ದಲಿ ಬಿದ್ರೆ ನಾನು ಬೋಕಾ ಮಾನ್ಸಾಗೆ ಬರೋದೇ ಇಲ್ಲ! ದಿಮ್ಮಿ ಮೇಲೆ ಬಸ್ ಓಡಿಸೋಕೆ ನಾನೇನ್ ಸರ್ಕಸ್ಸಿನೋನಾ?”

ಗಂಡಸರು ಕೂಗಾಡಿದರು, ಅವನೂ ಕೂಗಾಡಿದ. ದೊಮಿತಿಲಾ ಮಧ್ಯೆ ಬಂದಳು. “ವಿಲ್ಫ್ರೀದೊ, ಮುಂಚೆ ನೀನು ದಿನಾ ನನ್ ಮನೆ ಮುಂದೆ ಬಸ್ ನಿಲ್ಲಿಸ್ತಿದ್ದೆ. ನೆನಪಿದ್ಯಾ?”

ಅವನ ಮುಖ ಕರಗಿತು. “ನೆನಪಿಲ್ದೆ ಏನು? ಎನ್ಯುಕಾದೊ. ಎರಡು ತುಂಡು. ಮೇಲೆ ಕಂದು ಬಣ್ಣಕ್ಕೆ ಸೀದಿರ್ತಿತ್ತು... ಹಂಗೆ ಎಲ್ಲೂ ಸಿಗಲ್ಲ.”

“ಸೋಮವಾರ ಬಸ್ಸು ಸೇತುವೆ ದಾಟ್ಲಿ. ಈಚೆ ಕಡೆ ಬಿಸಿಬಿಸಿ ಕಡುಬು ಇಟ್ಕೊಂಡು ನಿಂತಿರ್ತೀನಿ.”

“ಒಲೆ ಇಲ್ಲ ಅಂತಿದ್ಯಲ್ಲ?”

“ಕಟ್ತೀನಿ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇವಾರಿಸ್ತೊ ಗುದ್ದಲಿ ಅಲ್ಲೇ ಬಿಟ್ಟು ಜೇಡಿಮಣ್ಣು ತರಲು ಹೊರಟುಹೋಗಿದ್ದ. ಅವಳ ಮನಸ್ಸು ಬದಲಾಗುವಷ್ಟು ಹೊತ್ತು ಕೊಡಬಾರದು ಎಂದುಕೊಂಡಿರಬೇಕು. ಆ ಸಂಜೆ ಮಣ್ಣು ತುಳಿದು, ಹುಲ್ಲು ಬೆರೆಸಿ, ಅಮ್ಮ ಕಟ್ಟುತ್ತಿದ್ದ ಹಾಗೆಯೇ ಗುಂಡಗೆ ಗೂಡು ಎತ್ತಿದಳು. ಕಾಂಡ್ಲಾ ಕಟ್ಟಿಗೆ ಇಲ್ಲ, ತೆಂಗಿನ ಚಿಪ್ಪು ಮತ್ತು ಸಿಪ್ಪೆ ಸಾಕು ಎಂದಳು. ತುರಿಯುವ ಮಣೆಗಾಗಿ ಒಂದು ಮೂಟೆ ಬಿಚ್ಚಿದಳು. ಮಣೆ ಅದರಲ್ಲಿರಲಿಲ್ಲ, ಇನ್ನೊಂದು ಬಿಚ್ಚಿದಳು. ತಗಡಿನ ತಟ್ಟೆಗಾಗಿ ಮತ್ತೊಂದು. ಎಲ್ಲ ಮೂಟೆ ಬಿಚ್ಚಿ ಪಾತ್ರೆಗಳೆಲ್ಲ ನೆಲದ ಮೇಲೆ ಹರಡಿದಾಗ, ಮತ್ತೆ ಕಟ್ಟುವ ಬದಲು ಗಂಡನನ್ನು ಕರೆದು, “ಗೋಡೆಗೆ ಎರಡು ಹಲಗೆ ಹೊಡಿ,” ಅಂದಳು. ಇವಾರಿಸ್ತೊ ನಾಲ್ಕು ಹಲಗೆ ಹೊಡೆದ.

ಭಾನುವಾರ ರಸ್ತೆ ಕಡಿದರು. ಮೊದಲು ತೋಡಿಗೆ ಬಿದ್ದಿದ್ದ ಕಲ್ಲು ಸಿಕ್ಕಾಗ ಸತುರ್ನೀನೊ ಅದನ್ನು ಗುರುತು ಹಿಡಿದೆ ಎಂದ. ಎಲ್ಲ ಕಲ್ಲೂ ಒಂದೇ ಥರ ಇದ್ದವು, ಆದರೆ ಯಾರೂ ವಾದಿಸಲಿಲ್ಲ. ಸಂಜೆ ಕಡಲಿನ ಉಬ್ಬರ ಏರುವ ಹೊತ್ತಿಗೆ ಕೊನೆಯ ಬುಟ್ಟಿ ಮಣ್ಣು ಎತ್ತಿದರು. ಕಡಲ ನೀರು ಮೊದಲು ಒಂದು ಅಂಗೈ ಅಗಲ ಬಂತು, ಅನುಮಾನ ಪಡುವಂತೆ ನಿಂತಿತು, ಆಮೇಲೆ ದಿಮ್ಮಿಗಳ ಕೆಳಗಿಂದ ನುಸುಳಿ ಆಚೆಯ ಬಿರಿದ ನೆಲಕ್ಕೆ ಸರಸರನೆ ಓಡಿತು. ಅದರ ಹಿಂದೆಯೇ ಬೆರಳುದ್ದದ ಮೀನುಮರಿಗಳು. ನಲವತ್ತು ಜನ ರಾಡಿ ಮೆತ್ತಿಕೊಂಡು ನಿಂತು ಕೂಸು ನಡೆಯುವುದನ್ನು ನೋಡುವಂತೆ ನೀರು ನಡೆಯುವುದನ್ನು ನೋಡಿದರು. ದೊಮಿತಿಲಾ ಇಳಿದು ಅದರಲ್ಲಿ ಕಾಲಿಟ್ಟಳು. ನೀರು ಬೆಚ್ಚಗಿತ್ತು. ಬೈಯಲು ಏನೂ ತೋಚಲಿಲ್ಲ.

ಸೋಮವಾರ ವಿಲ್ಫ್ರೀದೊ ಸೇತುವೆಯ ಮುಂದೆ ಬಸ್ಸು ನಿಲ್ಲಿಸಿ ಪ್ರಯಾಣಿಕರನ್ನೆಲ್ಲ ಇಳಿಸಿ ನಡೆಸಿದ. ಎರಡು ಹಂದಿಮರಿಗಳನ್ನೂ ಇಳಿಸಿದ. ಪದಕಕ್ಕೆ ಮುತ್ತಿಟ್ಟು, ಕಣ್ಣು ಮುಚ್ಚಿ ಬಸ್ಸು ಬಿಟ್ಟ. “ಕಣ್ಣು ಬಿಡೋ ಮಹಾರಾಯ!” ಎಂದು ಆಚೆ ದಡದಿಂದ ಎಲ್ಲರೂ ಅರಚಿದರು. ದಿಮ್ಮಿಗಳು ನರಳಿದವು, ಹಿಡಿದವು. ಅವನು ಮೂರು ತುಂಡು ತಿಂದ. ಮಾರನೆಯ ವರ್ಷ ಕಚೇರಿಯವರು ಬಂದು ಕಾಂಕ್ರೀಟ್ ಕೊಳವೆ ಹಾಕಿ, ತೋಡು ತೆರೆದವರು ತಾವೇ ಎಂದು ಒಂದು ಫಲಕವನ್ನೂ ನೆಟ್ಟರು. ಅದರ ಮೇಲೆ ಈಗ ಹೆರ್ಮೀನಿಯಾಳ ಕೋಳಿಗಳು ಕೂರುತ್ತವೆ.

ಆದರೆ ಅದಕ್ಕೆ ಮುಂಚೆ, ತೋಡು ತೆರೆದ ಎಂಟನೇ ತಿಂಗಳಿಗೆ, ಡಿಸೆಂಬರಿನಲ್ಲಿ ಮತ್ತೆ ಉಬ್ಬುಗಡಲು ಬಂತು. ವಾಯವ್ಯದ ಗಾಳಿ ಎದ್ದಾಗ ದೊಮಿತಿಲಾಳ ಕಣ್ಣು ಮೂಲೆಯಲ್ಲಿದ್ದ ಖಾಲಿ ಅಕ್ಕಿ ಚೀಲಗಳ ಕಡೆ ಹೋಯಿತು. ಇವತ್ತಿಗೂ ಹೋಗುತ್ತದೆ. ಆದರೆ ಈ ಸಲ ಅವಳು ಚೀಲ ಮುಟ್ಟದೆ ಮೂರನೇ ಬೀದಿಗೆ ದಂಡೆಯ ದಾರಿಯಲ್ಲೇ ಓಡಿದಳು. ನೀರು ಬಂತು, ತೋಡಿನೊಳಗೆ ನುಗ್ಗಿತು, ಕಾಂಡ್ಲಾ ಬಯಲಿನ ತುಂಬ ಹರಡಿಕೊಂಡಿತು. ಅಲ್ಲಿ ಯಾರೂ ನೆಡದೆ ತಾವೇ ತೇಲಿಬಂದು ಬೇರೂರಿದ್ದ ಗೇಣುದ್ದದ ಸಸಿಗಳು ತಲೆಮಟ್ಟ ಮುಳುಗಿ ಎದ್ದವು. ಅಷ್ಟು ಸಸಿಗಳಿಂದ ಕಡಲು ನಿಲ್ಲುತ್ತದೆಯೇ? ಮೂರನೇ ಬೀದಿಗೆ ಮೊಣಕಾಲುದ್ದ ನೀರು ನುಗ್ಗಿತು. ಗೋಡೆ ಯಾವುದೂ ಬೀಳಲಿಲ್ಲ. ಹೆರ್ಮೀನಿಯಾಳ ಮನೆಯ ಮೆಟ್ಟಿಲ ಕೆಳಗಿನ ಮರಳು ಮಾತ್ರ ಕೊಚ್ಚಿಹೋಗಿ ಮೆಟ್ಟಿಲು ಗಾಳಿಯಲ್ಲಿ ನೇತಾಡುತ್ತಿತ್ತು.

ಗುರುವಾರ ಬಾದಾಮಿ ಮರದ ಕೆಳಗೆ ಸತುರ್ನೀನೊ ಸುತ್ತುಬಳಸದೆ ಹೇಳಿದ. “ಕಾಡು ಬೆಳೆಯೋಕೆ ಹದಿನೈದು ವರ್ಷ ಬೇಕು. ಮೂರನೇ ಬೀದಿಗೆ ಅಷ್ಟು ಆಯಸ್ಸಿಲ್ಲ. ತೋಡು ನಮಗೆ ಒಂದೆರಡು ವರ್ಷ ಪುರುಸೊತ್ತು ಕೊಟ್ಟಿದೆ. ಓಡಿ ಹೋಗೋ ಬದಲು ನಡ್ಕೊಂಡು ಹೋಗ್ಬಹುದು.”

ಹೆರ್ಮೀನಿಯಾ ಬಾಯಿ ಬಿಗಿದು ಕೂತಿದ್ದಳು. ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ.

“ನಮ್ಮ ಹಿತ್ತಿಲಲ್ಲಿ ಜಾಗ ಇದೆ,” ಅಂದಳು ದೊಮಿತಿಲಾ.

“ನಿನ್ ಪಕ್ಕದಲ್ಲಾ? ಅದಕ್ಕಿಂತ ಕಡಲೇ ವಾಸಿ.”

“ಕಡಲು ಕಡುಬು ಕೊಡಲ್ಲ.”

ಹೆರ್ಮೀನಿಯಾ ಅಂಗಿಯ ತೋಳಿನಿಂದ ಮೂಗೊರೆಸಿಕೊಂಡಳು. “ಬೇಲಿ ಬೇಡ,” ಅಂದಳು ಆಮೇಲೆ. “ಗೂಟಕ್ಕೆ ಎಲ್ಲಿ ಹೋಗೋದು.”

ಐದನೇ ಬೀದಿಯ ಇತರರೂ ತಮ್ಮ ತಮ್ಮ ಹಿತ್ತಿಲಿನಲ್ಲಿ ಜಾಗ ಬಿಟ್ಟುಕೊಟ್ಟರು. ಮೂರನೇ ಬೀದಿಯ ಹನ್ನೊಂದು ಮನೆಗಳು ಒಂದೊಂದಾಗಿ ದಿಬ್ಬ ಹತ್ತಬೇಕು. ಮೊದಲನೆಯದು ಹೆರ್ಮೀನಿಯಾಳದು. ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಊರೆಲ್ಲ ಸೇರಿ ಮೊಳೆ ಕಿತ್ತು, ಹಲಗೆ ಬಿಚ್ಚಿ, ಮನೆಯನ್ನು ಹೆಗಲ ಮೇಲೆ ಹೊತ್ತು ಹೊರಟರು. ಎರಡು ಗೋಡೆ ಗಂಡಸರ ಮೇಲೆ, ಎರಡು ಗೋಡೆ ಹೆಂಗಸರ ಮೇಲೆ. ಚಾವಣಿಯ ತಗಡನ್ನು ವಿಲ್ಫ್ರೀದೊ ಬಸ್ಸಿನ ನೆತ್ತಿಗೆ ಕಟ್ಟಿಸಿಕೊಂಡು ಹಾರ್ನು ಬಾರಿಸುತ್ತಾ ಮುಂದೆ ಹೋದ. ಯೋಜನೆ ಮುಗಿದು ವಾಪಸಾಗಿದ್ದರೂ ಕಾರ್ತಹೇನಾದಿಂದ ರಜೆ ಹಾಕಿ ಬಂದಿದ್ದ ಯೆಸೇನಿಯಾ ಕಿಟಕಿಯ ಚೌಕಟ್ಟನ್ನು ಕೊರಳಿಗೆ ಹಾಕಿಕೊಂಡು ಫೋಟೋದೊಳಗಿನ ಅಜ್ಜಿಯಂತೆ ನಡೆದಳು. ಬಾಗಿಲನ್ನು ಹೆರ್ಮೀನಿಯಾ ಯಾರಿಗೂ ಕೊಡಲಿಲ್ಲ, ತಾನೇ ಬೆನ್ನ ಮೇಲೆ ಹೊತ್ತಳು. ದಾರಿಯಲ್ಲಿ ದಣಿವಾದಾಗ ಅದನ್ನು ಬೀದಿಯ ನಡುವೆ ನಿಲ್ಲಿಸಿ, ಒರಗಿ ನಿಂತು, ಹೋಗುವವರನ್ನೆಲ್ಲ “ಬನ್ನಿ ಒಳಗೆ” ಎಂದು ಕರೆದಳು.

ಮಧ್ಯಾಹ್ನದೊಳಗೆ ಮೂರು ಗೋಡೆ ಎದ್ದವು. ನಾಲ್ಕನೆಯದರ ಬಳಿ ಜಗಳ ಹತ್ತಿತು. ಕಿಟಕಿ ದೊಮಿತಿಲಾಳ ಅಡುಗೆಮನೆಗೆ ನೇರ ಎದುರಾಗಿ ಬರಬೇಕೆಂದು ಹೆರ್ಮೀನಿಯಾಳ ಹಟ.

“ಎಲ್ರೂ ಗಾಳಿ ಬರೋ ಕಡೆ ಕಿಟಕಿ ಇಡ್ತಾರೆ. ನೀನು ನನ್ ಒಲೆ ಕಡೆ ಯಾಕೆ ಇಡ್ತೀಯಾ?”

“ನೀನು ಅನ್ನಕ್ಕೆ ಉಪ್ಪು ಜಾಸ್ತಿ ಹಾಕ್ತೀಯ. ಮೂವತ್ತು ವರ್ಷದಿಂದ ಹೇಳ್ಬೇಕು ಅಂದ್ಕೊಂಡಿದ್ದೆ, ದೂರ ಇತ್ತು. ಇಲ್ಲಿಂದಾದ್ರೆ ಹಾಕೋವಾಗ್ಲೇ ಕೂಗ್ತೀನಿ.”

ಇವಾರಿಸ್ತೊ ಬಾಯಲ್ಲಿ ಮೊಳೆ ಕಚ್ಚಿಕೊಂಡು ಇಬ್ಬರ ಮುಖವನ್ನೂ ನೋಡಿದ. ದೊಮಿತಿಲಾ ಸೊಂಟದ ಮೇಲೆ ಕೈಯಿಟ್ಟು ಕಿಟಕಿಯ ಅಗಲವನ್ನು ಕಣ್ಣಲ್ಲೇ ಅಳೆದಳು.

“ಹೊಡಿ ಮೊಳೆ,” ಎಂದಳು ಗಂಡನಿಗೆ. “ಕಿಟಕಿ ಸ್ವಲ್ಪ ದೊಡ್ಡದಾಗೇ ಇರ್ಲಿ. ನಾನೂ ಕೂಗ್ಬೇಕಲ್ಲ.”